ಡೇಟಾ ಲಾಗರ್‌ನ ಪರಿಭಾಷೆ: ಮಳೆಮಾಪಕದ ತಂತಿಯಿಂದ ಕಡತದ ಸಾಲಿನವರೆಗೆ

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ನಡೆಯುತ್ತದೆ. ಒಂದು ಇಂಚಿಗೆ ನೂರು ಸೆಂಟು. "ನಿನ್ನೆ ಎರಡು ಇಂಚು ನಲವತ್ತು ಸೆಂಟು ಬಿತ್ತು" ಎಂದರೆ ಕೇಳಿದವರಿಗೆ ಮಳೆ ಕಣ್ಣಿಗೆ ಕಟ್ಟುತ್ತದೆ. ಅದನ್ನೇ 61 ಮಿಲಿಮೀಟರ್ ಎಂದರೆ ಒಂದು ಗಳಿಗೆ ಸುಮ್ಮನಾಗಿ ಮನಸ್ಸಿನಲ್ಲಿ ಭಾಗಾಕಾರ ಮಾಡುತ್ತಾರೆ.

ಅಂಥ ಒಂದು ತೋಟದಲ್ಲಿ ನಾನು ಮೊದಲ ಸಲ ಸ್ವಯಂಚಾಲಿತ ಹವಾಮಾನ ಕೇಂದ್ರ ಕೂರಿಸಿದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ಗೌಡರು ತಮ್ಮ ಮಳೆ ಪುಸ್ತಕ ತಂದು ಮುಂದಿಟ್ಟರು. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಅವರ ಕೈಮಾಪಕದಲ್ಲಿ 80 ಇಂಚು. ನನ್ನ ಲಾಗರ್‌ನಲ್ಲಿ, ಅಂದರೆ ಕೇಂದ್ರದ ಅಳತೆಗಳನ್ನು ತಾನಾಗಿ ಬರೆದಿಡುವ ಪೆಟ್ಟಿಗೆಯಲ್ಲಿ, 101 ಇಂಚಿಗೂ ಮೇಲೆ. ಎರಡೂ ಮಾಪಕಗಳ ನಡುವೆ ಹತ್ತು ಅಡಿ ದೂರವೂ ಇರಲಿಲ್ಲ. "ನಿಮ್ಮ ಯಂತ್ರಕ್ಕೆ ಬೇರೆ ಮೋಡವೇನಾದರೂ ಇದೆಯೇ ಸ್ವಾಮಿ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ನನಗೆ ನಗು ಬರಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ. ನಾನು ಅದಕ್ಕೆ ಹೇಳಿದ ಒಂದು ಮಾತು ತಪ್ಪಾಗಿತ್ತು. ಆ ಮಾತು ಯಾವುದೆಂದು ಮುಂದೆ ಹೇಳುತ್ತೇನೆ. ಈ ಕೆಲಸದಲ್ಲಿ ನಾನು ಕಂಡ ಹೆಚ್ಚಿನ ಎಡವಟ್ಟುಗಳು ಇಂಥವೇ: ಲಾಗರ್ ಕೆಡುವುದು ಅಪರೂಪ, ನಾವು ಬಳಸುವ ಪದದ ಅರ್ಥ ನಮಗೇ ಸ್ಪಷ್ಟವಿಲ್ಲದಿರುವುದು ಸಾಮಾನ್ಯ. ಆದ್ದರಿಂದ ಇಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ, ಒಂದು ಕೇಂದ್ರವನ್ನು ಕಟ್ಟುವಾಗ ಅವು ಎದುರಾಗುವ ಕ್ರಮದಲ್ಲಿಯೇ ವಿವರಿಸುತ್ತೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು ಅಮೆರಿಕದ ಯೂಟಾ ರಾಜ್ಯದ ಲೋಗನ್ ಊರಿನ ಕ್ಯಾಂಪ್‌ಬೆಲ್ ಸೈಂಟಿಫಿಕ್ ಕಂಪನಿಯ ಸಿಆರ್1000 ಲಾಗರ್ ಮತ್ತು ಅದಕ್ಕೆ ಪ್ರೋಗ್ರಾಂ ಬರೆಯುವ ಸಿಆರ್‌ಬೇಸಿಕ್ ಭಾಷೆ. ಬೇರೆ ತಯಾರಕರ ಲಾಗರ್‌ಗಳಲ್ಲಿ ಹೆಸರುಗಳು ಬದಲಾಗುತ್ತವೆ, ಕೆಲಸ ಬದಲಾಗುವುದಿಲ್ಲ.

ಆ ಕೆಲಸ ಮೂರೇ ಬಗೆಯದು. ಅಳೆಯುವುದು, ಅಳೆದದ್ದನ್ನು ಲೆಕ್ಕ ಹಾಕುವುದು, ಲೆಕ್ಕವನ್ನು ಬರೆದಿಡುವುದು. ಯಾವುದೇ ಹೊಸ ಪದ ಎದುರಾದಾಗ ಇದು ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಹಂತ 1: ಟರ್ಮಿನಲ್‌ಗಳನ್ನು ಓದುವುದು

ಲಾಗರ್‌ನ ಮೇಲ್ಮೈಯಲ್ಲಿ ತಂತಿ ಸಿಕ್ಕಿಸಿ ಸ್ಕ್ರೂ ಬಿಗಿಯುವ ಸಾಲುಗಳಿರುತ್ತವೆ. ಅವೇ ಟರ್ಮಿನಲ್‌ಗಳು. ಹೊರಗಿನ ಜಗತ್ತನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಉಪಕರಣ ಸೆನ್ಸರ್. ಆ ಸಂಕೇತ ಒಳಗೆ ಬರುವ ದಾರಿ ಚಾನೆಲ್. ಸಂಕೇತ ಯಾವ ಜಾತಿಯದು ಎಂಬುದರ ಮೇಲೆ ಚಾನೆಲ್ ಆರಿಸಬೇಕು.

ಮೊದಲನೆಯದು ಅನಲಾಗ್ ಸಂಕೇತ, ಅಂದರೆ ಏರುತ್ತ ಇಳಿಯುತ್ತ ಇರುವ ವೋಲ್ಟೇಜ್. ಇದನ್ನು ಅಳೆಯಲು ಎರಡು ವಿಧಾನಗಳಿವೆ. ಒಂದು ತಂತಿಯ ವೋಲ್ಟೇಜನ್ನು ಲಾಗರ್‌ನ ಗ್ರೌಂಡಿಗೆ ಹೋಲಿಸಿ ಅಳೆದರೆ ಸಿಂಗಲ್ ಎಂಡೆಡ್. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಅಳೆದರೆ ಡಿಫರೆನ್ಷಿಯಲ್. ಸಿಆರ್1000ದಲ್ಲಿ 16 ಸಿಂಗಲ್ ಎಂಡೆಡ್ ಚಾನೆಲ್‌ಗಳಿವೆ. ಅವನ್ನೇ ಜೋಡಿ ಮಾಡಿದರೆ 8 ಡಿಫರೆನ್ಷಿಯಲ್ ಚಾನೆಲ್‌ಗಳು. ಅಂದರೆ ಮೂರನೆಯ ಡಿಫರೆನ್ಷಿಯಲ್ ಚಾನೆಲ್ ಎಂದರೆ ಐದು ಮತ್ತು ಆರನೆಯ ಸಿಂಗಲ್ ಎಂಡೆಡ್ ಚಾನೆಲ್‌ಗಳೇ. ಹೊಸಬರು ಒಂದೇ ಟರ್ಮಿನಲ್ಲನ್ನು ಎರಡು ಹೆಸರಿನಲ್ಲಿ ಎರಡು ಸೆನ್ಸರ್‌ಗಳಿಗೆ ಹಂಚಿಬಿಡುವುದು ಇಲ್ಲಿಯೇ. ಸೌರ ವಿಕಿರಣ ಅಳೆಯುವ ಪೈರನೋಮೀಟರ್‌ನಂತೆ ಕೆಲವೇ ಮಿಲಿವೋಲ್ಟ್ ಕೊಡುವ ಸೆನ್ಸರ್‌ಗಳಿಗೆ ಡಿಫರೆನ್ಷಿಯಲ್ ಒಳ್ಳೆಯದು. ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದ ವಿದ್ಯುತ್ ಗದ್ದಲ ಕಳೆದುಹೋಗುತ್ತದೆ.

ಎರಡನೆಯದು ಪಲ್ಸ್, ಅಂದರೆ ಎಣಿಸಬೇಕಾದ ಮಿಡಿತ. ಟಿಪ್ಪಿಂಗ್ ಬಕೆಟ್ ಮಳೆಮಾಪಕದ ಒಳಗೆ ಏತದ ಹಾಗೆ ಅತ್ತಿತ್ತ ಬಾಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಹಾಗೆ ಬಾಗುವಾಗ ಒಂದು ಆಯಸ್ಕಾಂತ ಸಣ್ಣ ಸ್ವಿಚ್ಚಿನ ಮುಂದೆ ಹಾದು ಹೋಗಿ ಒಂದು ಕ್ಷಣ ಸಂಪರ್ಕ ಕೂಡಿಸುತ್ತದೆ. ಈ ಬಗೆಯ ಪಲ್ಸ್‌ಗೆ ಸ್ವಿಚ್ ಕ್ಲೋಷರ್ ಎಂದು ಹೆಸರು. ಒಂದು ಬಾಗುವಿಕೆಗೆ ಒಂದು ಟಿಪ್.

ಮೂರನೆಯದು ಡಿಜಿಟಲ್ ಮಾತುಕತೆ. ಮಣ್ಣಿನ ತೇವಾಂಶದ ಸೆನ್ಸರ್‌ಗಳು ಹೆಚ್ಚಾಗಿ ಎಸ್‌ಡಿಐ-12 ಎಂಬ ಒಪ್ಪಂದದಲ್ಲಿ ಮಾತನಾಡುತ್ತವೆ. 12 ವೋಲ್ಟ್, ಗ್ರೌಂಡ್, ಡೇಟಾ ಹೀಗೆ ಮೂರೇ ತಂತಿ. ವೇಗ ಸೆಕೆಂಡಿಗೆ 1200 ಬಿಟ್, ಅಂದರೆ 1200 ಬಾಡ್. ಒಂದೇ ಡೇಟಾ ತಂತಿಗೆ ಹಲವು ಸೆನ್ಸರ್‌ಗಳನ್ನು ಜೋಡಿಸಬಹುದು, ಆದರೆ ಪ್ರತಿಯೊಂದಕ್ಕೂ ಬೇರೆ ವಿಳಾಸ ಬೇಕು. ಪೆಟ್ಟಿಗೆಯಿಂದ ತೆಗೆದ ಹೊಸ ಸೆನ್ಸರ್‌ಗಳ ವಿಳಾಸ ಸಾಮಾನ್ಯವಾಗಿ 0. ಎರಡನ್ನು ಹಾಗೆಯೇ ಸಿಕ್ಕಿಸಿದರೆ, ಶಾಲೆಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರು ಹಾಜರಿ ಕೂಗಿದಾಗ ಒಟ್ಟಿಗೆ "ಬಂದೆ" ಎಂದಂತೆ, ಎರಡೂ ಒಟ್ಟಿಗೆ ಉತ್ತರಿಸಿ ಯಾವುದೂ ತಿಳಿಯುವುದಿಲ್ಲ. ಒಂದೊಂದನ್ನೇ ಜೋಡಿಸಿ, ವಿಳಾಸ ಬದಲಿಸಿ, ಆ ಸಂಖ್ಯೆಯನ್ನು ತಂತಿಗೆ ಅಂಟಿಸಿ ಮುಂದೆ ಹೋಗಬೇಕು.

ಇದೇ ಹಲಗೆಯ ಮೇಲೆ ಕಾಣುವ ಇನ್ನೊಂದು ಪದ ಎಕ್ಸೈಟೇಶನ್. ತಾಪಮಾನಕ್ಕೆ ಬಳಸುವ ಥರ್ಮಿಸ್ಟರ್ ತಾನಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ. ಬಿಸಿ ಹೆಚ್ಚಿದಂತೆ ಅದರ ರೋಧ ಕಡಿಮೆಯಾಗುತ್ತದೆ, ಅಷ್ಟೇ. ರೋಧವನ್ನು ತಿಳಿಯಲು ಲಾಗರ್ ಅಳತೆಯ ಕ್ಷಣದಲ್ಲಿ ಮಾತ್ರ ಒಂದು ನಿಖರವಾದ ವೋಲ್ಟೇಜ್ ಕೊಟ್ಟು, ಎಷ್ಟು ಹಿಂತಿರುಗಿತು ಎಂದು ನೋಡುತ್ತದೆ. ಇದೇ ಎಕ್ಸೈಟೇಶನ್. ಸದಾ ಕೊಡುತ್ತಿದ್ದರೆ ಥರ್ಮಿಸ್ಟರ್ ತನ್ನ ಕರೆಂಟಿಗೆ ತಾನೇ ಬಿಸಿಯಾಗುತ್ತದೆ, ಬ್ಯಾಟರಿಯೂ ಖರ್ಚಾಗುತ್ತದೆ.

ಗ್ರೌಂಡ್ ಎಂಬ ಪದಕ್ಕೆ ಇಲ್ಲಿ ಮೂರು ಅರ್ಥಗಳಿವೆ: ಸಂಕೇತದ ಗ್ರೌಂಡ್, ವಿದ್ಯುತ್ ಪೂರೈಕೆಯ ಗ್ರೌಂಡ್, ಭೂಮಿಗೆ ಹೂತ ತಾಮ್ರದ ಸಲಾಕೆ. ಸೂಕ್ಷ್ಮ ಸೆನ್ಸರ್‌ನ ತಂತಿಯನ್ನು ಮೊದಲನೆಯದಕ್ಕೂ ಹೆಚ್ಚು ಕರೆಂಟ್ ಎಳೆಯುವ ಮೋಡೆಮ್‌ನಂಥದ್ದನ್ನು ಎರಡನೆಯದಕ್ಕೂ ಜೋಡಿಸಿ. ಮೂರನೆಯದನ್ನು ನಾಳೆ ಮಾಡೋಣ ಎಂದು ಬಿಡಬೇಡಿ. ಹೂಮಳೆಯ ಕಾಲದ ಸಿಡಿಲು ನಾಳೆಯವರೆಗೆ ಕಾಯುವುದಿಲ್ಲ.

ಹಂತ 2: ಮಿಲಿವೋಲ್ಟನ್ನು ಮನುಷ್ಯರ ಸಂಖ್ಯೆಯಾಗಿಸುವುದು

ಲಾಗರ್‌ಗೆ ಡಿಗ್ರಿ, ಮಿಲಿಮೀಟರ್, ಶೇಕಡಾ ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಮಿಲಿವೋಲ್ಟ್ ಮತ್ತು ಎಣಿಕೆ. ಅವನ್ನು ನಮಗೆ ಬೇಕಾದ ಮಾನಕ್ಕೆ ತರುವ ಎರಡು ಸಂಖ್ಯೆಗಳು ಗುಣಕ ಮತ್ತು ಆಫ್‌ಸೆಟ್. ಪ್ರೋಗ್ರಾಂನಲ್ಲಿ ಇವು ಮಲ್ಟ್ ಮತ್ತು ಆಫ್‌ಸೆಟ್ ಎಂಬ ಹೆಸರಿನಲ್ಲಿ ಬಹುತೇಕ ಪ್ರತಿ ಅಳತೆಯ ಸೂಚನೆಯ ಕೊನೆಗೆ ಕುಳಿತಿರುತ್ತವೆ. ಅಳೆದದ್ದನ್ನು ಗುಣಕದಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ ಉತ್ತರ.

ಒಂದು ತಾಪಮಾನದ ಸೆನ್ಸರ್ ಮೈನಸ್ 40ರಿಂದ 60 ಡಿಗ್ರಿಯವರೆಗಿನ ಶ್ರೇಣಿಯನ್ನು 0ಯಿಂದ 1000 ಮಿಲಿವೋಲ್ಟ್ ಆಗಿ ಕೊಡುತ್ತದೆ ಎನ್ನೋಣ. ಗುಣಕ 0.1, ಆಫ್‌ಸೆಟ್ ಮೈನಸ್ 40. ಸೆನ್ಸರ್ 650 ಮಿಲಿವೋಲ್ಟ್ ಕೊಟ್ಟರೆ 65 ಆಯಿತು, 40 ಕಳೆದರೆ 25 ಡಿಗ್ರಿ. ಆಫ್‌ಸೆಟ್ ಮರೆತರೆ ಮಲೆನಾಡಿನಲ್ಲಿ 65 ಡಿಗ್ರಿ ಬಿಸಿಲು ಎಂದು ಪರದೆ ತೋರಿಸುತ್ತದೆ. ಇದು ಒಳ್ಳೆಯ ತಪ್ಪು, ಏಕೆಂದರೆ ನೋಡಿದೊಡನೆ ಸಿಕ್ಕಿಬೀಳುತ್ತದೆ.

ಕೆಟ್ಟ ತಪ್ಪು ಎಂದರೆ ನಂಬುವಂತೆ ಕಾಣುವ ತಪ್ಪು. ನನ್ನದು ಅಂಥದ್ದು. ಮಳೆಮಾಪಕದ ಪ್ರತಿ ಟಿಪ್ ಎಷ್ಟು ಮಳೆಗೆ ಸಮ ಎಂಬುದೇ ಅದರ ಗುಣಕ. ಅಮೆರಿಕದ ಅಳತೆಯ ಮಾಪಕಗಳಲ್ಲಿ ಒಂದು ಟಿಪ್ ಎಂದರೆ ಇಂಚಿನ ನೂರರಲ್ಲೊಂದು ಭಾಗ, 0.254 ಮಿಲಿಮೀಟರ್. ಅಂದರೆ ಗೌಡರ ಒಂದು ಸೆಂಟು! ಮೆಟ್ರಿಕ್ ಮಾಪಕಗಳಲ್ಲಿ ಸಾಮಾನ್ಯವಾಗಿ 0.2 ಮಿಲಿಮೀಟರ್. ನಮ್ಮದು 0.2ರ ಮಾಪಕ. ನಾನು ನಕಲು ಮಾಡಿಕೊಂಡ ಮಾದರಿ ಪ್ರೋಗ್ರಾಂನಲ್ಲಿ 0.254 ಇತ್ತು. ಪ್ರತಿ ಟಿಪ್ಪಿಗೂ ನೂರಕ್ಕೆ 27ರಷ್ಟು ಹೆಚ್ಚುವರಿ ಮಳೆ. 80 ಇಂಚಿಗೆ ಅದರ ನೂರಕ್ಕೆ 27ರಷ್ಟನ್ನು ಸೇರಿಸಿ ನೋಡಿ, ಗೌಡರು ಕೇಳಿದ ಬೇರೆ ಮೋಡ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಆ ವರ್ಷದ ಎಲ್ಲ ಅಂಕಿಗಳನ್ನೂ 0.787ರಿಂದ ಗುಣಿಸಿ ಸರಿಪಡಿಸಿದೆ. ಅಂದಿನಿಂದ ಗುಣಿಸದ ಬರಿಯ ಟಿಪ್ ಎಣಿಕೆಯನ್ನೂ ಒಂದು ಕಂಬಸಾಲಿನಲ್ಲಿ ಬರೆದಿಡುತ್ತೇನೆ. ಗುಣಕ ತಪ್ಪಾದರೂ ಎಣಿಕೆ ಸುಳ್ಳಾಗುವುದಿಲ್ಲ.

ಇದೇ ಹಂತದ ಇನ್ನೊಂದು ಪದ ಇನ್‌ಪುಟ್ ರೇಂಜ್. ಲಾಗರ್ ವೋಲ್ಟೇಜನ್ನು ಮೆಟ್ಟಿಲುಗಳಾಗಿ ಕತ್ತರಿಸಿ ಎಣಿಸುತ್ತದೆ. ಒಂದು ಮೆಟ್ಟಿಲಿನ ಎತ್ತರವೇ ರೆಸಲ್ಯೂಶನ್. ರೇಂಜ್ ದೊಡ್ಡದಾದಷ್ಟೂ ಮೆಟ್ಟಿಲು ಒರಟು. ಸಿಆರ್1000ದಲ್ಲಿ 5000 ಮಿಲಿವೋಲ್ಟ್ ರೇಂಜಿನಲ್ಲಿ ಡಿಫರೆನ್ಷಿಯಲ್ ಆಗಿ ಅಳೆದರೆ ಒಂದು ಮೆಟ್ಟಿಲು 667 ಮೈಕ್ರೋವೋಲ್ಟ್. 25 ಮಿಲಿವೋಲ್ಟ್ ರೇಂಜಿನಲ್ಲಿ 3.33 ಮೈಕ್ರೋವೋಲ್ಟ್. ಚದರ ಮೀಟರಿಗೆ ಒಂದು ವ್ಯಾಟ್ ಬಿಸಿಲಿಗೆ 10 ಮೈಕ್ರೋವೋಲ್ಟ್ ಕೊಡುವ ಪೈರನೋಮೀಟರನ್ನು ದೊಡ್ಡ ರೇಂಜಿನಲ್ಲಿ ಅಳೆದರೆ ಬಿಸಿಲು ಸುಮಾರು 67 ವ್ಯಾಟ್‌ಗಳ ನೆಗೆತದಲ್ಲಿ ಏರುತ್ತದೆ. ಸಣ್ಣ ರೇಂಜಿನಲ್ಲಿ ವ್ಯಾಟಿನ ಮೂರನೆಯ ಒಂದು ಭಾಗದಷ್ಟು ನಯವಾಗಿ ಏರುತ್ತದೆ. ಕಡು ಬಿಸಿಲಿನ 1000 ವ್ಯಾಟ್ ಎಂದರೂ 10 ಮಿಲಿವೋಲ್ಟ್ ಮಾತ್ರ, 25ರ ರೇಂಜ್ ಧಾರಾಳ. ಸಂಕೇತವೇ ರೇಂಜನ್ನು ಮೀರಿದರೆ ಲಾಗರ್ ಸಂಖ್ಯೆಯ ಬದಲು ನ್ಯಾನ್ ಎಂದು ಬರೆಯುತ್ತದೆ. ಇದು ಸಂಖ್ಯೆಯಲ್ಲ ಎಂದು ಅದರ ಅರ್ಥ. ನ್ಯಾನ್ ಕಂಡರೆ ಸೆನ್ಸರನ್ನು ಬೈಯುವ ಮೊದಲು ತಂತಿ ಕಳಚಿದೆಯೇ, ರೇಂಜ್ ಸಾಲದೆ ಹೋಯಿತೇ ಎಂದು ನೋಡಬೇಕು.

ಹಾಗೆಯೇ ಅಮೆರಿಕದ ಮಾದರಿ ಪ್ರೋಗ್ರಾಂಗಳನ್ನು ನಕಲು ಮಾಡುವವರು ಇಂಟಿಗ್ರೇಶನ್ ಎಂಬ ಜಾಗದಲ್ಲಿ 60 ಹರ್ಟ್ಸ್ ಇದ್ದರೆ 50 ಮಾಡಿಕೊಳ್ಳಿ. ಹತ್ತಿರದ ಮೋಟಾರ್ ಅಥವಾ ವಿದ್ಯುತ್ ತಂತಿಯ ಗುಂಯ್‌ಗುಡುವಿಕೆಯನ್ನು ಅಳತೆಯಿಂದ ಜರಡಿ ಹಿಡಿಯುವ ಆಯ್ಕೆ ಅದು. ನಮ್ಮ ದೇಶದ ಕರೆಂಟು ಗುಂಯ್‌ಗುಡುವುದು 50ರಲ್ಲಿ.

ಹಂತ 3: ಪ್ರೋಗ್ರಾಂನ ಅಸ್ಥಿಪಂಜರ

ಸಿಆರ್‌ಬೇಸಿಕ್ ಪ್ರೋಗ್ರಾಂ ಮೊದಲು ನೋಡಿದಾಗ ಉದ್ದವೆನಿಸುತ್ತದೆ. ಬಿಡಿಸಿ ನೋಡಿದರೆ ಮೂರೇ ಭಾಗ.

ಮೇಲಿನ ಭಾಗ ಘೋಷಣೆ. ಇಲ್ಲಿ ವೇರಿಯಬಲ್‌ಗಳಿಗೆ ಹೆಸರಿಡುತ್ತೇವೆ. ವೇರಿಯಬಲ್ ಎಂದರೆ ಈ ಕ್ಷಣದ ಮೌಲ್ಯ ಕುಳಿತಿರುವ ಒಂದು ಡಬ್ಬಿ. ಮುಂದಿನ ಅಳತೆ ಬಂದೊಡನೆ ಹಳೆಯದು ಹೋಗುತ್ತದೆ. ಪಬ್ಲಿಕ್ ಎಂದು ಘೋಷಿಸಿದ ಡಬ್ಬಿಯನ್ನು ಕಂಪ್ಯೂಟರಿನ ಪರದೆಯಲ್ಲಿ ಇಣುಕಿ ನೋಡಬಹುದು, ಡಿಮ್ ಎಂದು ಘೋಷಿಸಿದ್ದನ್ನು ನೋಡಲಾಗುವುದಿಲ್ಲ. ಕಲಿಯುವವರು ಎಲ್ಲವನ್ನೂ ಪಬ್ಲಿಕ್ ಮಾಡಿಬಿಡಿ. ಯೂನಿಟ್ಸ್ ಎಂಬ ಸಾಲಿನಲ್ಲಿ ಮಾನದ ಹೆಸರು ಬರೆದರೆ ಅದು ಮುಂದೆ ಕಡತದಲ್ಲಿಯೂ ಕಾಣುತ್ತದೆ. ಬರೆಯಿರಿ. ಮೂರು ವರ್ಷ ಕಳೆದ ಮೇಲೆ ಮಳೆ ಇಂಚಿನಲ್ಲಿತ್ತೇ ಮಿಲಿಮೀಟರಿನಲ್ಲಿತ್ತೇ ಎಂದು ಹೇಳುವ ಸಾಕ್ಷಿ ಆ ಒಂದು ಪದ ಮಾತ್ರ.

ನಡುವಿನ ಭಾಗ ಡೇಟಾ ಟೇಬಲ್. ಯಾವ ಯಾವ ಅಂಕಿಯನ್ನು ಎಷ್ಟು ಹೊತ್ತಿಗೊಮ್ಮೆ ಹೇಗೆ ಬರೆದಿಡಬೇಕು ಎಂಬ ಒಪ್ಪಂದ ಇದು. ಟೇಬಲ್ಲಿನ ಒಂದು ಸಾಲು ರೆಕಾರ್ಡ್, ಒಂದು ಕಂಬಸಾಲು ಫೀಲ್ಡ್.

ಕೆಳಗಿನ ಭಾಗ ಕೆಲಸ. ಬಿಗಿನ್‌ಪ್ರಾಗ್ ಎಂದು ಶುರುವಾಗಿ ಎಂಡ್‌ಪ್ರಾಗ್ ಎಂದು ಮುಗಿಯುತ್ತದೆ. ಅದರೊಳಗೆ ಸ್ಕ್ಯಾನ್ ಮತ್ತು ನೆಕ್ಸ್ಟ್‌ಸ್ಕ್ಯಾನ್ ಎಂಬ ಎರಡು ಗಡಿಗಳ ನಡುವೆ ಅಳತೆಯ ಸೂಚನೆಗಳು ಸಾಲಾಗಿ ನಿಂತಿರುತ್ತವೆ. ಲಾಗರ್ ಬದುಕಿರುವಷ್ಟು ದಿನ ಈ ಎರಡು ಗಡಿಗಳ ನಡುವೆ ಗಾಣದ ಎತ್ತಿನಂತೆ ಸುತ್ತುತ್ತಿರುತ್ತದೆ.

ಸುತ್ತಿನ ಕೊನೆಯಲ್ಲಿ ಕಾಲ್‌ಟೇಬಲ್ ಎಂಬ ಸೂಚನೆ ಇರಲೇಬೇಕು. ಟೇಬಲ್ಲನ್ನು ಎಷ್ಟು ಚೆನ್ನಾಗಿ ವಿವರಿಸಿದ್ದರೂ ಅದನ್ನು ಕರೆಯದಿದ್ದರೆ ಒಂದು ಸಾಲೂ ಬರೆಯುವುದಿಲ್ಲ. ಪರದೆಯಲ್ಲಿ ಅಂಕಿಗಳು ಕುಣಿಯುತ್ತಿರುತ್ತವೆ, ಎಲ್ಲ ಸರಿಯಿದೆ ಎಂದು ಮನೆಗೆ ಹೋಗುತ್ತೀರಿ, ತಿಂಗಳ ನಂತರ ಬಂದರೆ ಟೇಬಲ್ ಖಾಲಿ. ಅಳೆಯುವುದು ಬೇರೆ, ಬರೆದಿಡುವುದು ಬೇರೆ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಹಂತ 4: ಎರಡು ಗಡಿಯಾರಗಳು

ಇಡೀ ವಿಷಯದಲ್ಲಿ ಒಂದೇ ಒಂದು ಭಾಗವನ್ನು ಎರಡು ಸಲ ಓದುವುದಾದರೆ ಇದನ್ನು ಓದಿ.

ಸ್ಕ್ಯಾನ್ ಇಂಟರ್ವಲ್ ಎಂದರೆ ಎಷ್ಟು ಹೊತ್ತಿಗೊಮ್ಮೆ ಅಳೆಯುವುದು. ಡೇಟಾ ಇಂಟರ್ವಲ್ ಎಂದರೆ ಎಷ್ಟು ಹೊತ್ತಿಗೊಮ್ಮೆ ಬರೆದಿಡುವುದು. ಸ್ಕ್ಯಾನ್ 10 ಸೆಕೆಂಡ್, ಡೇಟಾ ಇಂಟರ್ವಲ್ 10 ನಿಮಿಷ ಎಂದಿಟ್ಟರೆ ಲಾಗರ್ 60 ಸಲ ಅಳೆದು ಒಂದು ಸಾಲು ಬರೆಯುತ್ತದೆ. ದಿನಕ್ಕೆ 8640 ಅಳತೆ, 144 ಸಾಲು. ಆ 60 ಅಳತೆಗಳನ್ನು ಒಂದು ಸಂಖ್ಯೆಯಾಗಿಸುವ ಬಗೆಗೆ ಔಟ್‌ಪುಟ್ ಪ್ರೊಸೆಸಿಂಗ್ ಎಂದು ಹೆಸರು. ಆವರೇಜ್ ಸರಾಸರಿ ತೆಗೆಯುತ್ತದೆ. ಟೋಟಲೈಸ್ ಕೂಡುತ್ತದೆ. ಮ್ಯಾಕ್ಸಿಮಮ್, ಮಿನಿಮಮ್ ಅತಿ ಹೆಚ್ಚು ಮತ್ತು ಅತಿ ಕಡಿಮೆಯನ್ನು ಹಿಡಿಯುತ್ತವೆ. ಸ್ಯಾಂಪಲ್ ಏನನ್ನೂ ಲೆಕ್ಕ ಹಾಕದೆ ಕೊನೆಯ ಅಳತೆಯನ್ನು ಮಾತ್ರ ಬರೆಯುತ್ತದೆ.

ತಾಪಮಾನಕ್ಕೆ ಆವರೇಜ್ ಸರಿ. ಮಳೆಗೆ? ಒಂದು ಹತ್ತು ನಿಮಿಷವನ್ನು ಹತ್ತಿರದಿಂದ ನೋಡೋಣ. ಪುನರ್ವಸು ಮಳೆ ಜೋರಾಗಿ ಸುರಿಯುತ್ತಿದೆ. ಪ್ರತಿ 10 ಸೆಕೆಂಡಿಗೆ ಸರಿಯಾಗಿ ಒಂದು ಟಿಪ್, 0.2 ಮಿಲಿಮೀಟರ್. ಪಲ್ಸ್‌ಕೌಂಟ್ ಸೂಚನೆ ಪ್ರತಿ ಸ್ಕ್ಯಾನಿನಲ್ಲಿ ಹಿಂದಿನ ಸ್ಕ್ಯಾನಿನಿಂದ ಈಚೆಗೆ ಆದ ಟಿಪ್‌ಗಳನ್ನು ಎಣಿಸಿ 0.2 ಎಂದು ಡಬ್ಬಿಗೆ ಹಾಕುತ್ತದೆ. 60 ಸ್ಕ್ಯಾನ್ ಮುಗಿದಾಗ ನಿಜವಾಗಿ ಬಿದ್ದ ಮಳೆ 12 ಮಿಲಿಮೀಟರ್. ಟೋಟಲೈಸ್ ಎಂದಿದ್ದರೆ ಸಾಲಿನಲ್ಲಿ 12 ಬರುತ್ತದೆ. ಆವರೇಜ್ ಎಂದಿದ್ದರೆ 0.2 ಬರುತ್ತದೆ. ಸ್ಯಾಂಪಲ್ ಎಂದಿದ್ದರೂ 0.2 ಬರುತ್ತದೆ, ಕೊನೆಯ ಹತ್ತು ಸೆಕೆಂಡಿನಲ್ಲಿ ಟಿಪ್ ಬೀಳದಿದ್ದರೆ ಸೊನ್ನೆ. ತೋಟದ ದಾರಿಯಲ್ಲಿ ಹಳ್ಳ ಹರಿಯುತ್ತಿದೆ, ಕಡತದಲ್ಲಿ ತುಂತುರು! ಸ್ಕ್ಯಾನ್‌ಗಳ ನಡುವಿನ ಟಿಪ್‌ಗಳು ತಪ್ಪಿಹೋಗುತ್ತವೆ ಎಂಬ ಭಯ ಬೇಡ. ಪಲ್ಸ್ ಎಣಿಸುವ ಯಂತ್ರಾಂಶ ನಿದ್ದೆಯಲ್ಲಿಯೂ ಎಣಿಸುತ್ತಿರುತ್ತದೆ.

ಗಾಳಿಯ ದಿಕ್ಕು ಇನ್ನೊಂದು ಕಥೆ. 350 ಡಿಗ್ರಿ ಎಂದರೆ ಹೆಚ್ಚುಕಡಿಮೆ ಉತ್ತರ, 10 ಡಿಗ್ರಿಯೂ ಹೆಚ್ಚುಕಡಿಮೆ ಉತ್ತರ. ಇವೆರಡರ ಸರಾಸರಿ 180, ಅಂದರೆ ನೇರ ದಕ್ಷಿಣ. ಸರಾಸರಿ ಸುಳ್ಳು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದಕ್ಕೇ ವಿಂಡ್‌ವೆಕ್ಟರ್ ಎಂಬ ಪ್ರತ್ಯೇಕ ಸೂಚನೆ ಇದೆ, ಅದು ದಿಕ್ಕನ್ನು ಬಾಣವಾಗಿ ಭಾವಿಸಿ ಕೂಡುತ್ತದೆ. ಅದನ್ನೇ ಬಳಸಿ.

ಸ್ಕ್ಯಾನ್ ಎಷ್ಟು ಚಿಕ್ಕದಿರಬೇಕು? ಹವಾಮಾನಕ್ಕೆ 5ರಿಂದ 10 ಸೆಕೆಂಡ್ ಸಾಕು. ನಿಧಾನವಾಗಿ ಉತ್ತರಿಸುವ ಎಸ್‌ಡಿಐ-12 ಸೆನ್ಸರ್‌ಗಳನ್ನೆಲ್ಲ ಒಂದು ಸೆಕೆಂಡಿನ ಸ್ಕ್ಯಾನಿಗೆ ತುರುಕಿದರೆ ಕೆಲಸ ಮುಗಿಯುವ ಮೊದಲೇ ಮುಂದಿನ ಸುತ್ತು ಶುರುವಾಗಬೇಕಾಗಿ, ಲಾಗರ್ ಸುತ್ತುಗಳನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸ್ಕಿಪ್ಡ್ ಸ್ಕ್ಯಾನ್ ಎನ್ನುತ್ತಾರೆ. ಸ್ಟೇಟಸ್ ಟೇಬಲ್ ಎಂಬ ಆರೋಗ್ಯ ಪತ್ರದಲ್ಲಿ ಇದರ ಎಣಿಕೆ ಇರುತ್ತದೆ. ಅದು ಸೊನ್ನೆಯಲ್ಲಿಯೇ ಇರಬೇಕು.

ಹಂತ 5: ಅಂಕಿಯನ್ನು ಎಷ್ಟು ಜಾಗದಲ್ಲಿ ಬರೆಯುವುದು

ಟೇಬಲ್ಲಿನಲ್ಲಿ ಪ್ರತಿ ಅಂಕಿಗೂ ಡೇಟಾ ಟೈಪ್ ಹೇಳಬೇಕು. ಎಫ್‌ಪಿ2 ಎಂದರೆ ಎರಡು ಬೈಟ್, ಐಇಇಇ4 ಎಂದರೆ ನಾಲ್ಕು ಬೈಟ್. ಜಾಗ ಉಳಿಯಲಿ ಎಂದು ಎಲ್ಲರೂ ಎಫ್‌ಪಿ2 ಹಾಕುತ್ತಾರೆ, ತಾಪಮಾನಕ್ಕೂ ತೇವಾಂಶಕ್ಕೂ ಅದು ಸಾಕು. ಆದರೆ ಎಫ್‌ಪಿ2 ಹಿಡಿಯುವುದು 7999ರವರೆಗೆ ಮಾತ್ರ, ಮತ್ತು ಸಂಖ್ಯೆ 800 ದಾಟಿದ ಮೇಲೆ ಅದು ದಶಮಾಂಶವನ್ನೇ ಬಿಟ್ಟುಬಿಡುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ತೋಟದಲ್ಲಿ ವಾಯುಭಾರ ಸುಮಾರು 910 ಹೆಕ್ಟೋಪಾಸ್ಕಲ್. ದಿನಕ್ಕೆ ಎರಡು ಸಲ ಕೆಲವೇ ಹೆಕ್ಟೋಪಾಸ್ಕಲ್‌ಗಳಷ್ಟು ಏರಿ ಇಳಿಯುವ ಅದರ ಸೊಗಸಾದ ಅಲೆ ಎಫ್‌ಪಿ2ದಲ್ಲಿ ಒರಟು ಮೆಟ್ಟಿಲಾಗಿ ಕಾಣುತ್ತದೆ. ಇಡೀ ಮಳೆಗಾಲದ ಒಟ್ಟು ಮಳೆಯನ್ನು ಕೂಡಿಸುತ್ತ ಹೋಗುವವರಿಗೂ ಇದೇ ಎಚ್ಚರಿಕೆ: ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯಲ್ಲಿ 7999 ದೂರದ ಮಾತಲ್ಲ. ಇಂಥವಕ್ಕೆ ಐಇಇಇ4.

ಜಾಗದ ಚಿಂತೆ ನಿಜವಾಗಿಯೂ ಅಷ್ಟಿಲ್ಲ. ಎಂಟು ಫೀಲ್ಡ್, ತಲಾ ಎರಡು ಬೈಟ್, ದಿನಕ್ಕೆ 144 ಸಾಲು ಎಂದರೆ 2304 ಬೈಟ್; ವರ್ಷಕ್ಕೆ ಸುಮಾರು 8.4 ಲಕ್ಷ ಬೈಟ್, ಅದರ ಮೇಲೆ ಸಮಯ ಬರೆಯುವ ಜಾಗ. ಲಾಗರ್‌ನ ಸ್ಮೃತಿ 4 ಮೆಗಾಬೈಟ್. ಅದು ರಿಂಗ್ ಮೆಮೊರಿ: ತುಂಬಿದ ಮೇಲೆ ನಿಲ್ಲುವುದಿಲ್ಲ, ಅತಿ ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ.

ಹಂತ 6: ದಿನ ಎಂದರೆ ಯಾವಾಗಿನಿಂದ ಯಾವಾಗಿನವರೆಗೆ

ಪ್ರತಿ ಸಾಲಿನ ಮೊದಲ ಫೀಲ್ಡ್ ಟೈಮ್‌ಸ್ಟ್ಯಾಂಪ್. ಅದು ಅವಧಿಯ ಕೊನೆಯನ್ನು ಹೇಳುತ್ತದೆ, ಆರಂಭವನ್ನಲ್ಲ. 10:00 ಎಂದಿರುವ ಗಂಟೆಯ ಸಾಲು 9ರಿಂದ 10ರವರೆಗಿನದು. ದಿನದ ಟೇಬಲ್ ಮಧ್ಯರಾತ್ರಿಗೆ ಮುಗಿಯುವಂತಿದ್ದರೆ ಜುಲೈ 1ರ ಇಡೀ ದಿನದ ಮಳೆ ಜುಲೈ 2, 00:00 ಎಂಬ ಮುದ್ರೆ ಹೊತ್ತು ಬರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಭಾರತೀಯ ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ. ತೋಟದವರು ಕೈಮಾಪಕದ ನೀರನ್ನು ಅಳೆಯುವುದೂ ಬೆಳಿಗ್ಗೆಯೇ. ಲಾಗರ್ ಮಧ್ಯರಾತ್ರಿಯ ಲೆಕ್ಕ ಇಟ್ಟರೆ ತಿಂಗಳ ಮೊತ್ತ ಹೊಂದುತ್ತದೆ, ದಿನದ ಅಂಕಿ ಒಂದೂ ಹೊಂದುವುದಿಲ್ಲ. ಪರಿಹಾರ ಸುಲಭ. ಡೇಟಾಇಂಟರ್ವಲ್ ಸೂಚನೆಯ ಎರಡನೆಯ ಸಂಖ್ಯೆ ಅವಧಿಯ ಉದ್ದ, ಮೊದಲನೆಯದು ಆ ಅವಧಿಯೊಳಗೆ ಎಷ್ಟು ಹೊತ್ತಾದ ಮೇಲೆ ಬರೆಯಬೇಕು ಎಂಬುದು. ಮಾನವನ್ನು ನಿಮಿಷ ಎಂದಿಟ್ಟು 510 ಮತ್ತು 1440 ಎಂದು ಬರೆಯಿರಿ. ಮಧ್ಯರಾತ್ರಿಯಿಂದ 510 ನಿಮಿಷ ಎಂದರೆ ಎಂಟೂವರೆ.

ಈ ಎಚ್ಚರಿಕೆಗೆಲ್ಲ ಅರ್ಥ ಬರುವುದು ಗಡಿಯಾರ ಸರಿಯಿದ್ದಾಗ. ಲಾಗರ್‌ಗೆ ಸಮಯ ಹೊಂದಿಸುವುದು ನಿಮ್ಮ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನ ಗಡಿಯಾರ ತಪ್ಪಿದ್ದರೆ ಸರಿಯಿದ್ದ ಲಾಗರನ್ನು ನೀವೇ ಕೆಡಿಸುತ್ತೀರಿ. ಮೊದಲು ಮೊಬೈಲಿನ ಸಮಯದೊಂದಿಗೆ ಹೋಲಿಸಿ.

ಹಂತ 7: ಮೇಜಿನ ಮೇಲೆ ಮಳೆ ಸುರಿಸುವುದು

ಪ್ರೋಗ್ರಾಂ ಬರೆದಾದ ಮೇಲೆ ಕಂಪೈಲ್ ಮಾಡಬೇಕು, ಅಂದರೆ ಲಾಗರ್‌ಗೆ ಅರ್ಥವಾಗುವ ರೂಪಕ್ಕೆ ತರಬೇಕು. ಕಂಪೈಲರ್ ವ್ಯಾಕರಣದ ತಪ್ಪನ್ನು ಹಿಡಿಯುತ್ತದೆ, ಅರ್ಥದ ತಪ್ಪನ್ನಲ್ಲ. 0.254 ಎಂಬುದರಲ್ಲಿ ಯಾವ ವ್ಯಾಕರಣ ದೋಷವೂ ಇಲ್ಲ. ಅರ್ಥದ ಪರೀಕ್ಷೆಗೆ ನೀರು ಬೇಕು.

ಮಳೆಮಾಪಕದ ಬಾಯಿಯ ವ್ಯಾಸ 200 ಮಿಲಿಮೀಟರ್ ಎನ್ನೋಣ. ಬಾಯಿಯ ವಿಸ್ತೀರ್ಣ 31,416 ಚದರ ಮಿಲಿಮೀಟರ್. ಅದರ ಮೇಲೆ 0.2 ಮಿಲಿಮೀಟರ್ ಮಳೆ ಎಂದರೆ 6.28 ಮಿಲಿಲೀಟರ್ ನೀರು. ಆದ್ದರಿಂದ 628 ಮಿಲಿಲೀಟರ್ ನೀರಿಗೆ ಸರಿಯಾಗಿ 100 ಟಿಪ್, 20 ಮಿಲಿಮೀಟರ್ ಮಳೆ ಬರಬೇಕು. ಅಳತೆಯ ಜಾಡಿಯಲ್ಲಿ ನೀರು ತೆಗೆದುಕೊಂಡು, ತಳಕ್ಕೆ ಸೂಜಿಯಿಂದ ತೂತು ಮಾಡಿದ ನೀರಿನ ಬಾಟಲಿಗೆ ತುಂಬಿ, ಮಾಪಕದ ಮೇಲೆ ನಿಲ್ಲಿಸಿ. ಅರ್ಧ ಗಂಟೆಯಾದರೂ ಹನಿಯಬೇಕು. ಒಮ್ಮೆಲೇ ಸುರಿದರೆ ಬಟ್ಟಲು ಬಾಗುವ ಹೊತ್ತಿನಲ್ಲಿಯೂ ನೀರು ಬೀಳುತ್ತಿದ್ದು ಎಣಿಕೆ ಕಡಿಮೆಯಾಗುತ್ತದೆ. ಟಕ್, ಟಕ್ ಎಂಬ ಸದ್ದನ್ನು ಕಿವಿಯಿಂದಲೂ ಎಣಿಸಿ, ಪರದೆಯ ಅಂಕಿಯೊಂದಿಗೆ ಹೋಲಿಸಿ. ಈ ಅರ್ಧ ಗಂಟೆಯನ್ನು ನಾನು ಆ ಮೊದಲ ವರ್ಷ ಕೊಟ್ಟಿದ್ದರೆ ಗೌಡರಿಗೆ ಮೋಡದ ಮಾತು ಆಡುವ ಅವಕಾಶವೇ ಸಿಗುತ್ತಿರಲಿಲ್ಲ.

ಉಳಿದ ಸೆನ್ಸರ್‌ಗಳಿಗೆ ಇಷ್ಟು ಶ್ರಮ ಬೇಡ. ತಾಪಮಾನದ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿಯಿರಿ, ಪೈರನೋಮೀಟರನ್ನು ಕೈಯಿಂದ ಮುಚ್ಚಿ, ಗಾಳಿಯ ಬಟ್ಟಲುಗಳನ್ನು ಬೆರಳಿನಿಂದ ತಿರುಗಿಸಿ. ಅಂಕಿ ಸರಿಯಾದ ಕಡೆಗೆ ಓಡಿದರೆ ಸಾಕು.

ಹಂತ 8: ಕಳುಹಿಸುವುದು, ಇಳಿಸುವುದು, ಓದುವುದು

ಲಾಗರ್ ಮತ್ತು ಲ್ಯಾಪ್‌ಟಾಪ್ ಮಾತನಾಡಲು ಪೋರ್ಟ್, ಬಾಡ್ ದರ, ಪಾಕ್‌ಬಸ್ (ಈ ಕಂಪನಿಯ ಲಾಗರ್‌ಗಳು ಮಾತನಾಡುವ ಒಪ್ಪಂದ) ವಿಳಾಸ ಮೂರೂ ಎರಡು ಕಡೆ ಹೊಂದಬೇಕು. ಸಂಪರ್ಕ ಸಿಕ್ಕದಿದ್ದರೆ ನೂರಕ್ಕೆ ತೊಂಬತ್ತು ಸಲ ಆರಿಸಿದ ಪೋರ್ಟ್ ತಪ್ಪಾಗಿರುತ್ತದೆ.

ಸೆಂಡ್ ಎಂದರೆ ಪ್ರೋಗ್ರಾಂ ಕಳುಹಿಸುವುದು, ಕಲೆಕ್ಟ್ ಎಂದರೆ ಡೇಟಾ ಇಳಿಸುವುದು. ಕ್ರಮ ಯಾವಾಗಲೂ ಕಲೆಕ್ಟ್ ಮೊದಲು, ಸೆಂಡ್ ಆಮೇಲೆ. ಟೇಬಲ್ ಬದಲಾದ ಹೊಸ ಪ್ರೋಗ್ರಾಂ ಒಳಗೆ ಹೋದೊಡನೆ ಲಾಗರ್‌ನಲ್ಲಿದ್ದ ಹಳೆಯ ಡೇಟಾ ಅಳಿಸಿಹೋಗುತ್ತದೆ. ಸಾಫ್ಟ್‌ವೇರ್ ಎಚ್ಚರಿಕೆಯನ್ನೇನೋ ಕೊಡುತ್ತದೆ. ಸಂಜೆ ಐದೂವರೆಗೆ ಜಿಗಣೆ ಹತ್ತಿಸಿಕೊಂಡು ನಿಂತವನು ಅದನ್ನು ಓದುವುದಿಲ್ಲ.

ಇಳಿಸಿದ ಕಡತ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ. ಟಿಒಎ5 ಎಂಬ ಈ ರೂಪದಲ್ಲಿ ಮೇಲಿನ ನಾಲ್ಕು ಸಾಲು ತಲೆಬರಹ. ಮೊದಲ ಸಾಲಿನಲ್ಲಿ ಕೇಂದ್ರದ ಹೆಸರು, ಲಾಗರ್‌ನ ಮಾದರಿ ಮತ್ತು ಕ್ರಮಸಂಖ್ಯೆ, ಪ್ರೋಗ್ರಾಂನ ಹೆಸರು, ಅದರ ಸಿಗ್ನೇಚರ್ ಇರುತ್ತವೆ. ಸಿಗ್ನೇಚರ್ ಎಂದರೆ ಪ್ರೋಗ್ರಾಂನ ಹೆಬ್ಬೆಟ್ಟು ಗುರುತು. ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಎರಡನೆಯ ಸಾಲಿನಲ್ಲಿ ಫೀಲ್ಡ್‌ಗಳ ಹೆಸರು, ಮೂರನೆಯದರಲ್ಲಿ ಮಾನ, ನಾಲ್ಕನೆಯದರಲ್ಲಿ ಸರಾಸರಿಯೋ ಮೊತ್ತವೋ ಎಂಬ ಪ್ರೊಸೆಸಿಂಗ್ ಗುರುತು. ಈ ನಾಲ್ಕು ಸಾಲುಗಳನ್ನು ಅಳಿಸಿ ಸ್ಪ್ರೆಡ್‌ಶೀಟಿಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೂಲ ಕಡತವನ್ನು ಹಾಗೆಯೇ ಇಟ್ಟು ನಕಲಿನ ಮೇಲೆ ಕೆಲಸ ಮಾಡಿ. ಪ್ರತಿ ಸಾಲಿಗೂ ರೆಕಾರ್ಡ್ ಸಂಖ್ಯೆ ಇರುತ್ತದೆ. ಅದು ಒಂದೊಂದಾಗಿ ಏರುತ್ತ ಹೋಗಿ ನಡುವೆ ಸೊನ್ನೆಗೆ ಬಿದ್ದಿದ್ದರೆ ಅಂದು ಪ್ರೋಗ್ರಾಂ ಬದಲಾಗಿದೆ ಅಥವಾ ಟೇಬಲ್ ಅಳಿಸಲಾಗಿದೆ ಎಂದರ್ಥ.

ಹಂತ 9: ಪೆಟ್ಟಿಗೆ ಮುಚ್ಚುವ ಮೊದಲು

12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿದಾಗ 12.7ರ ಆಸುಪಾಸಿನಲ್ಲಿರುತ್ತದೆ. 11.5ಕ್ಕೆ ಇಳಿದರೆ ಚಿಂತೆ ಮಾಡಬೇಕು, 9.6ಕ್ಕೆ ಇಳಿದರೆ ಸಿಆರ್1000 ಅಳೆಯುವುದನ್ನು ನಿಲ್ಲಿಸುತ್ತದೆ. ಜುಲೈನಲ್ಲಿ ಸೂರ್ಯನ ಮುಖ ಕಾಣದೆ ವಾರಗಳು ಕಳೆಯುವ ಜಾಗದಲ್ಲಿ ಸೌರಫಲಕವನ್ನು ನಂಬಿ ಸಣ್ಣ ಬ್ಯಾಟರಿ ಇಡಬೇಡಿ. ದಿನದ ಟೇಬಲ್ಲಿನಲ್ಲಿ ಬ್ಯಾಟರಿಯ ಕನಿಷ್ಠ ವೋಲ್ಟೇಜನ್ನು ಕಡ್ಡಾಯವಾಗಿ ಬರೆಸಿ. ಸರಾಸರಿ ಬೇಡ, ಬ್ಯಾಟರಿ ಸಾಯುವುದು ಬೆಳಗಿನ ಜಾವದಲ್ಲಿ. ಒಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಬೇರೆ, ಅದು ಕರೆಂಟ್ ಹೋದಾಗ ಗಡಿಯಾರ ಮತ್ತು ಸ್ಮೃತಿಯನ್ನು ಕಾಯುತ್ತದೆ.

ತಂತಿ ಒಳಬರುವ ತೂತನ್ನು ಪುಟ್ಟಿಯಿಂದ ಮುಚ್ಚಿ, ಇರುವೆಗಳು ಬಂದರೆ ಮೊಟ್ಟೆ ಸಮೇತ ಬರುತ್ತವೆ. ತೇವ ಹೀರುವ ಸಿಲಿಕಾ ಜೆಲ್‌ನ ಚೀಲ ಬದಲಿಸಿ. ಮಳೆಮಾಪಕದ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆ ಕುಳಿತಿದ್ದರೆ ತೆಗೆಯಿರಿ. ಬಾಗಿಲಿನ ಒಳಮೈ ಮೇಲೆ ಅಳಿಸದ ಶಾಯಿಯಿಂದ ಟಿಪ್‌ನ ಅಳತೆ, ಪ್ರೋಗ್ರಾಂನ ಹೆಸರು, ಕೂರಿಸಿದ ದಿನಾಂಕ ಬರೆಯಿರಿ.

ಆಮೇಲೆ ಪೆಟ್ಟಿಗೆ ಮುಚ್ಚದೆ ಹತ್ತು ನಿಮಿಷ ಅಲ್ಲಿಯೇ ನಿಲ್ಲಿ. ಕೆಲಸದಾಳು ಕಾಫಿ ತಂದುಕೊಟ್ಟರೆ ಕುಡಿಯಿರಿ. ಪರದೆಯಲ್ಲಿ ಟೇಬಲ್ಲಿನ ರೆಕಾರ್ಡ್ ಸಂಖ್ಯೆ ಒಂದು ಹೆಚ್ಚಾದದ್ದನ್ನು ಕಣ್ಣಾರೆ ನೋಡಿದ ಮೇಲೆ ಕೇಬಲ್ ಕಳಚಿ.